ಕರೆಂಟ್ ಹೋದರೆ ಬಿಟ್ಟುಬಿಡುತ್ತಿದ್ದ ಹಬ್

ಗುಬ್ಬಿಯಲ್ಲೊಂದು ಮದುವೆ. ಆರತಕ್ಷತೆ ಮುಗಿದು ಕೊನೆ ಪಂಕ್ತಿ ಊಟಕ್ಕೆ ಕೂತಿತ್ತು. ನಾನು ಮಂಟಪದ ಮೂಲೆ ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದು, ಅದರ ಒಂದು ಯುಎಸ್‌ಬಿ-ಸಿ ಪೋರ್ಟನ್ನು ಹಲವು ತೂತುಗಳಾಗಿ ಒಡೆಯುವ ಪುಟ್ಟ ಡಬ್ಬಿಗೆ, ಅಂದರೆ ಹಬ್‌ಗೆ, ಕ್ಯಾಮೆರಾ ಕಾರ್ಡ್, ಹಾರ್ಡ್‌ಡಿಸ್ಕ್, ಚಾರ್ಜರ್ ಮೂರನ್ನೂ ಸಿಗಿಸಿ ಫೋಟೊ ಕಾಪಿಗೆ ಹಾಕಿದ್ದೆ. ಕರೆಂಟ್ ಹೋಯಿತು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇತ್ತು, ಅದಕ್ಕೇನೂ ಆಗಲಿಲ್ಲ. ಹಾರ್ಡ್‌ಡಿಸ್ಕ್ ಮಾತ್ರ ಟಕ್ ಅಂತ ನಿಂತಿತು, ಕಾಪಿ ಅರ್ಧಕ್ಕೇ ತುಂಡಾಯಿತು. ಜನರೇಟರ್ ಹಾಕಿದ ಮೇಲೆ ಮತ್ತೆ ಶುರು ಮಾಡಿದೆ. ಕರೆಂಟ್ ಬಂತೆಂದು ಜನರೇಟರ್ ಆರಿಸಿದರು. ಮತ್ತೆ ಟಕ್.

‘ಅಣ್ಣ, ಡಿಸ್ಕ್ ಹೋಯ್ತಾ?’ ಅಂತ ನಮ್ಮ ಹುಡುಗ ಮುಖ ಸಣ್ಣಗೆ ಮಾಡಿಕೊಂಡ. ಡಿಸ್ಕ್ ಹೋಗಿರಲಿಲ್ಲ. ಕಾರ್ಡನ್ನು ಫಾರ್ಮ್ಯಾಟ್ ಮಾಡಿರಲಿಲ್ಲವಾದ್ದರಿಂದ ಫೋಟೊಗಳೂ ಉಳಿದವು. ಆದರೆ ಅವತ್ತು ರಾತ್ರಿ ತುಮಕೂರಿಗೆ ಬರುವ ದಾರಿಯುದ್ದಕ್ಕೂ ಅದೇ ಯೋಚನೆ: ಬ್ಯಾಟರಿ ಇರುವ ಲ್ಯಾಪ್‌ಟಾಪ್‌ನಲ್ಲಿ ಕರೆಂಟ್ ಹೋದರೆ ಡಿಸ್ಕ್ ಯಾಕೆ ಸಾಯಬೇಕು?

ತಪ್ಪು ಚಾರ್ಜರನ್ನು ಹಬ್ ಮೂಲಕ ಕೊಟ್ಟಿದ್ದರಲ್ಲಿತ್ತು. ಸಿ ಪೋರ್ಟ್‌ನಲ್ಲಿ ಯಾರು ಯಾರಿಗೆ ಎಷ್ಟು ವೋಲ್ಟ್ ಕೊಡಬೇಕು ಅನ್ನುವುದನ್ನು ಚಾರ್ಜರ್, ಹಬ್, ಲ್ಯಾಪ್‌ಟಾಪ್ ತಮ್ಮತಮ್ಮಲ್ಲೇ ಮಾತಾಡಿ ತೀರ್ಮಾನಿಸಿಕೊಳ್ಳುತ್ತವೆ. ಮೊದಲು 5 ವೋಲ್ಟ್, ಒಪ್ಪಂದವಾದ ಮೇಲೆ ಸಾಮಾನ್ಯವಾಗಿ 20ರವರೆಗೆ. ಚಾರ್ಜರ್ ಸತ್ತ ತಕ್ಷಣ ಹಬ್‌ಗೆ ಲ್ಯಾಪ್‌ಟಾಪೇ ಕರೆಂಟ್ ಕೊಡಬೇಕು. ಈ ಕೈ ಬದಲಾಗುವ ಕ್ಷಣದಲ್ಲಿ ಎಷ್ಟೋ ಹಬ್‌ಗಳು ಒಮ್ಮೆ ಆರಿ ಹೊತ್ತಿಕೊಳ್ಳುತ್ತವೆ. ಮೌಸ್ ಆಗಿದ್ದರೆ ನಮಗೆ ಗೊತ್ತೂ ಆಗುವುದಿಲ್ಲ. ಬರೆಯುತ್ತಿರುವ ಡಿಸ್ಕ್‌ಗೆ ಆ ಒಂದು ಕ್ಷಣ ಸಾಕು. ಬೆಂಗಳೂರಿನ ಆಫೀಸಿನಲ್ಲಿ ಕೂತವರಿಗೆ ಈ ತೊಂದರೆ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ನಮ್ಮ ಕಡೆಯ ಮಂಟಪಗಳಲ್ಲಿ ಒಂದೇ ಸಂಜೆಗೆ ನಾಲ್ಕು ಸಲ. ಈಗ ಲ್ಯಾಪ್‌ಟಾಪ್‌ನ ಗುಂಡು ಪಿನ್ನಿನ ಚಾರ್ಜರನ್ನು ನೇರವಾಗಿ ಲ್ಯಾಪ್‌ಟಾಪ್‌ಗೇ ಹಾಕುತ್ತೇನೆ. ಎರಡು ಸಿ ಪೋರ್ಟ್ ಇರುವವರು ಒಂದಕ್ಕೆ ಚಾರ್ಜರ್, ಇನ್ನೊಂದಕ್ಕೆ ಹಬ್ ಹಾಕಿಕೊಳ್ಳಬಹುದು. ಇರುವುದೇ ಒಂದು ಪೋರ್ಟ್ ಅಂದರೆ, ಕಾಪಿ ಆಗುವವರೆಗೆ ಚಾರ್ಜರ್ ಕಿತ್ತಿಟ್ಟು ಬ್ಯಾಟರಿ ಮೇಲೇ ಓಡಿಸುವುದು ವಾಸಿ.

ಆ ಹಬ್ ನಾನು 700 ರೂಪಾಯಿಗೆ ತಂದಿದ್ದು. ಅಂಗಡಿಯವನು ‘ಎಲ್ಲಾದಕ್ಕೂ ಆಗುತ್ತೆ ಸಾರ್’ ಅಂದಿದ್ದ. ಆಗುತ್ತಿತ್ತು, ಒಂದೊಂದೇ ಹಾಕಿದರೆ. ನಮ್ಮ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೋರ್‌ನಲ್ಲಿ ಎರಡಿಂಚು ನೀರು ಬರುತ್ತಿದ್ದರೆ ಹತ್ತು ವಾಲ್ವ್ ಕೂರಿಸಿದ ಮಾತ್ರಕ್ಕೆ ನೀರು ಹೆಚ್ಚಾಗುವುದಿಲ್ಲ. ಸಾಮಾನ್ಯ ಯುಎಸ್‌ಬಿ 3 ಪೋರ್ಟ್ ಕೊಡಲೇಬೇಕಾದದ್ದು 5 ವೋಲ್ಟ್‌ನಲ್ಲಿ 900 ಮಿಲಿಆಂಪ್, ಅಂದರೆ ನಾಲ್ಕೂವರೆ ವ್ಯಾಟ್. ಒಳಗೆ ತಟ್ಟೆ ತಿರುಗುವ ಹಾರ್ಡ್‌ಡಿಸ್ಕ್ ಶುರುವಾಗುವಾಗ ಒಂದೇ ಬಹುಪಾಲು ನುಂಗಿಬಿಡುತ್ತದೆ. ಅದರ ಜೊತೆ ಎರಡನೇ ಡಿಸ್ಕ್ ಹಾಕಿದರೆ ಎರಡೂ ಇಲ್ಲ. ಮದುವೆಗೆ ಹೋಗುವಾಗ ಈಗ ಒಳಗೆ ಏನೂ ತಿರುಗದ ಎಸ್‌ಎಸ್‌ಡಿ ಡಿಸ್ಕ್ ಮಾತ್ರ ಒಯ್ಯುತ್ತೇನೆ, ತಿರುಗುವ ಡಿಸ್ಕ್‌ಗಳು ಸ್ಟುಡಿಯೋದಲ್ಲೇ ಇರುತ್ತವೆ.

ಎರಡನೇ ಪಾಠ ಎಲ್‌ಇಡಿ ವಾಲ್‌ನವರಿಂದ. ಹಬ್‌ನಲ್ಲಿ ಪರದೆಗೆ ಚಿತ್ರ ಕಳಿಸುವ ಎಚ್‌ಡಿಎಂಐ ತೂತು ಇದೆ, ಕೇಬಲ್ ಹಾಕಿದೆ, ಪರದೆ ಕಪ್ಪು. ಆಪರೇಟರ್ ನನ್ನನ್ನು ನೋಡುತ್ತಾನೆ, ನಾನು ಹಬ್ಬನ್ನು ನೋಡುತ್ತೇನೆ, ಹೆಣ್ಣಿನ ಕಡೆಯವರು ನಮ್ಮಿಬ್ಬರನ್ನೂ ನೋಡುತ್ತಾರೆ. ಆಗ ಹಬ್ಬನ್ನೇ ಬೈದೆ. ಆಮೇಲೆ ಗೊತ್ತಾಯಿತು, ನನ್ನ ಹಳೆ ಲ್ಯಾಪ್‌ಟಾಪ್‌ನ ಸಿ ಪೋರ್ಟ್ ಡೇಟಾಗೆ ಮಾತ್ರ. ಚಿತ್ರ ಅದರಿಂದ ಹೊರಗೆ ಬರುವುದೇ ಇಲ್ಲ. ಸಿ ಅನ್ನುವುದು ತೂತಿನ ಆಕಾರ, ಒಳಗೆ ಏನೇನು ಹರಿಯುತ್ತದೆ ಅನ್ನುವುದು ಬೇರೆಯೇ ವಿಷಯ. ಮಾಮೂಲಿ ಹಬ್‌ನ ಎಚ್‌ಡಿಎಂಐ ಕೆಲಸ ಮಾಡಬೇಕಾದರೆ ಲ್ಯಾಪ್‌ಟಾಪ್‌ನ ಪೋರ್ಟ್‌ನಲ್ಲಿ ಡಿಸ್‌ಪ್ಲೇಪೋರ್ಟ್ (ಡಿಪಿ) ಆಲ್ಟ್ ಮೋಡ್, ಅಂದರೆ ಸಿ ತೂತಿನಿಂದಲೇ ಚಿತ್ರ ಹೊರಗೆ ಕಳಿಸುವ ಸೌಲಭ್ಯ, ಇರಬೇಕು. ಪಕ್ಕದಲ್ಲಿ ಮಿಂಚಿನ ಗುರುತಿನ ಥಂಡರ್‌ಬೋಲ್ಟ್ ಅಥವಾ ಡಿಪಿ ಚಿಹ್ನೆ ಇದ್ದರೆ ನಿಶ್ಚಿಂತೆ. ಚಿಹ್ನೆ ಇಲ್ಲದಿದ್ದರೆ ನಿಮ್ಮ ಮಾಡೆಲ್‌ನ ವಿವರಪಟ್ಟಿ ತೆಗೆದು ಓದಿ. ಹಬ್ ಡಬ್ಬಿಯ ಮೇಲೆ ಏನು ಬರೆದಿದ್ದರೂ ಅದು ಅರ್ಧ ಸತ್ಯ, ಉಳಿದರ್ಧ ನಿಮ್ಮ ಲ್ಯಾಪ್‌ಟಾಪ್‌ನಲ್ಲಿದೆ.

ಡಬ್ಬಿಯ ಮೇಲಿನ ‘4ಕೆ’ಯೂ ಹಾಗೇ. ಪಕ್ಕದಲ್ಲಿ 30 ಹರ್ಟ್ಸ್ ಅಂತ ಸಣ್ಣಕ್ಷರದಲ್ಲಿರುತ್ತದೆ, ಅಂದರೆ ಪರದೆಯ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತದೆ. ಮಂಟಪದ ವಾಲ್‌ಗೆ ನಾವು ಕೊಡುವುದು 4ಕೆಗಿಂತ ಚಿಕ್ಕದಾದ 1080 ಚಿತ್ರ, ಅಲ್ಲಿ ಇದು ಲೆಕ್ಕಕ್ಕಿಲ್ಲ. ಆದರೆ ಸ್ಟುಡಿಯೋದಲ್ಲಿ 4ಕೆ ಮಾನಿಟರ್ ಇಟ್ಟು ಎಡಿಟಿಂಗ್‌ಗೆ ಕೂತರೆ 30 ಹರ್ಟ್ಸ್‌ನಲ್ಲಿ ಮೌಸ್ ಬಾಣವೇ ಎಳೆದಾಡುತ್ತದೆ, ಒಂದು ಗಂಟೆಗೆ ತಲೆನೋವು. ಅಲ್ಲಿಗೆ 60 ಹರ್ಟ್ಸ್ ಎಂದು ಸ್ಪಷ್ಟವಾಗಿ ಬರೆದದ್ದೇ ಬೇಕು.

ಕಾರ್ಡ್ ಸ್ಲಾಟ್ ಬಗ್ಗೆ ಯಾರೂ ಕೇಳುವುದಿಲ್ಲ, ನನಗೆ ಅದೇ ಮುಖ್ಯ. ಅಗ್ಗದ ಹಬ್‌ಗಳಲ್ಲಿ ಯುಎಸ್‌ಬಿ ತೂತುಗಳು 3.0 ಇದ್ದರೂ ಕಾರ್ಡ್ ಸ್ಲಾಟ್ ಹಳೆಯ, ನಿಧಾನದ 2.0 ವೇಗದ್ದಾಗಿರಬಹುದು. ಸೆಕೆಂಡಿಗೆ ಸುಮಾರು 40 ಎಂಬಿ. 64 ಜಿಬಿ ಕಾರ್ಡ್ ಖಾಲಿಯಾಗಲು 27 ನಿಮಿಷ ಹಿಡಿಯಿತು. ಅದೇ ಕಾರ್ಡನ್ನು ಸರಿಯಾದ ಸ್ಲಾಟ್‌ಗೆ ಹಾಕಿದಾಗ 12 ನಿಮಿಷ. ಎರಡು ಕ್ಯಾಮೆರಾ, ನಾಲ್ಕು ಕಾರ್ಡ್ ಅಂದರೆ ಒಂದು ಗಂಟೆ ನಿದ್ದೆ ಉಳಿಯಿತು. ಕೇಬಲ್‌ನಲ್ಲೂ ಇದೇ ಮೋಸ. ಫೋನ್ ಜೊತೆ ಬರುವ ಸಿ ಕೇಬಲ್ ಚಾರ್ಜಿಂಗ್‌ಗೆ ಚೆನ್ನಾಗಿರುತ್ತದೆ, ಡೇಟಾಗೆ ಬಹುತೇಕ 2.0. ಎಸ್‌ಎಸ್‌ಡಿ ಜೊತೆ ಬಂದ ಕೇಬಲ್‌ಗೆ ಹಸಿರು ದಾರ ಕಟ್ಟಿಟ್ಟಿದ್ದೇನೆ, ಹುಡುಗರು ಫೋನ್‌ಗೆ ಹಾಕಿಕೊಂಡು ಹೋಗದಿರಲಿ ಅಂತ.

ವೈರ್‌ಲೆಸ್ ಮೌಸ್ ತಡವರಿಸುತ್ತಿದ್ದರೆ ಬ್ಯಾಟರಿ ಬದಲಿಸುವ ಮುಂಚೆ ಅದರ ರಿಸೀವರ್ ಎಲ್ಲಿದೆ ನೋಡಿ. ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ರೇಡಿಯೋ ಅಲೆಗಳಲ್ಲಿ ಗದ್ದಲ ಎಬ್ಬಿಸುತ್ತದೆ, ಮೌಸ್ ಮಾತಾಡುವುದೂ ಅಲ್ಲೇ. ನಾನು ರಿಸೀವರನ್ನು ಹಬ್‌ನಿಂದ ಕಿತ್ತು ಲ್ಯಾಪ್‌ಟಾಪ್‌ನ ಆಚೆ ಬದಿಗೆ ಹಾಕಿದೆ, ಸರಿಹೋಯಿತು.

ಈಗ ಬ್ಯಾಗಿನಲ್ಲಿರುವ ಹಬ್‌ಗೆ 2,800 ಕೊಟ್ಟೆ. ಬೆಂಗಳೂರಿನ ಎಸ್‌ಪಿ ರೋಡ್‌ಗೆ ಲ್ಯಾಪ್‌ಟಾಪ್, ಕಾರ್ಡ್, ಎಸ್‌ಎಸ್‌ಡಿ ಎಲ್ಲವನ್ನೂ ಹೊತ್ತುಕೊಂಡು ರೈಲಿನಲ್ಲಿ ಹೋಗಿದ್ದೆ. ಎಲ್ಲವನ್ನೂ ಒಟ್ಟಿಗೆ ಸಿಗಿಸಿ, ಕಾಪಿ ಓಡುತ್ತಿರುವಾಗಲೇ ಕೌಂಟರ್ ಮೇಲಿನ ಪ್ಲಗ್‌ನಿಂದ ಚಾರ್ಜರ್ ಕಿತ್ತೆ. ಮೊದಲ ಎರಡು ಹಬ್ ಅಲ್ಲೇ ಬಿಟ್ಟುಬಿಟ್ಟವು. ಅಂಗಡಿಯವರು ‘ಯಾರ್ ಸಾರ್ ಹಿಂಗೆಲ್ಲಾ ಟೆಸ್ಟ್ ಮಾಡ್ತಾರೆ’ ಅಂದರು. ಮೂರನೆಯದು ಕಾಪಿ ತುಂಡಾಗದಂತೆ ತಡೆದುಕೊಂಡಿತು, ಅದನ್ನೇ ಕಟ್ಟಿಸಿಕೊಂಡು ಬಂದೆ. ಆದರೂ ಮಂಟಪದಲ್ಲಿ ಚಾರ್ಜರ್ ಇವತ್ತಿಗೂ ಲ್ಯಾಪ್‌ಟಾಪ್‌ಗೇ ನೇರ.