ಶುಗರ್ ಇದ್ದವರ ಕಾಲುನೋವು: ನಿಂತು ನಿಂತು ನಡೆಯುವುದು ಹೇಗೆ?

ನಮ್ಮ ದೊಡ್ಡಪ್ಪ ಬೆಳಿಗ್ಗೆ ಹಾಲು ತರಲು ಹೊರಟರೆ ಮೂರನೇ ಲೈಟ್ ಕಂಬದ ಹತ್ತಿರ ನಿಲ್ಲುತ್ತಿದ್ದರು. ಕಂಬ ಹಿಡಿದುಕೊಂಡು, ಬಗ್ಗಿ ಬಲಗಾಲಿನ ಮೀನಖಂಡ ಒತ್ತಿಕೊಳ್ಳುತ್ತಿದ್ದರು. ಎರಡು ಮೂರು ನಿಮಿಷ ನಿಂತರೆ ನೋವು ಮಾಯ. ಮತ್ತೆ ಅಷ್ಟೇ ದೂರ ಹೋದರೆ ಮತ್ತೆ ಅದೇ ನೋವು. ‘ವಯಸ್ಸಾಯ್ತಲ್ಲ’ ಎಂದು ನಾವೆಲ್ಲ ಸುಮ್ಮನಿದ್ದೆವು. ಅವರಿಗೆ 15 ವರ್ಷದಿಂದ ಶುಗರ್ ಇತ್ತು. ನೋವಿಗೂ ಅದಕ್ಕೂ ನಂಟಿರಬಹುದು ಅಂತ ಯಾರಿಗೂ ಹೊಳೆಯಲಿಲ್ಲ.

ಸುಮ್ನೆ ಕೂತಾಗ ಕಾಲಿನ ಸ್ನಾಯುವಿಗೆ ಸ್ವಲ್ಪ ರಕ್ತ ಸಾಕು. ನಡೆಯುವಾಗ ಹಲವು ಪಟ್ಟು ಜಾಸ್ತಿ ಬೇಕು. ಆಗ ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತದೆ, ಅದರಿಂದ ನಾಳ ಹಿಗ್ಗುತ್ತದೆ. ವರ್ಷಗಟ್ಟಲೆ ಶುಗರ್ ಏರಿಯೇ ಇದ್ದರೆ ಆ ಒಳಪದರ ಕೆಡುತ್ತದೆ. ನಾಳ ಬೇಕಾದಷ್ಟು ಹಿಗ್ಗುವುದಿಲ್ಲ. ಮೇಲಿಂದ ಕೊಬ್ಬು ಕಟ್ಟಿ ದಾರಿ ಕಿರಿದಾಗುತ್ತದೆ, ಅದರಲ್ಲೂ ಮಂಡಿಯ ಕೆಳಗೆ. ಇಷ್ಟೇ ಅಲ್ಲ, ಬಂದ ಆಮ್ಲಜನಕವನ್ನು ಬಳಸಿಕೊಳ್ಳುವ ಸ್ನಾಯುವಿನ ಶಕ್ತಿಯೂ ಕುಂದಿರುತ್ತದೆ. ನಡೆದಾಗ ಬರುವ ನೋವು, ಉಸಿರಿಗಾಗಿ ಸ್ನಾಯು ಕೂಗುವ ಕೂಗು.

ಮೊದಲ ಹೆಜ್ಜೆ ಡಾಕ್ಟರ ಹತ್ತಿರ. ಮಲಗಿಸಿ ತೋಳಿನಲ್ಲೂ ಕಣಕಾಲಿನಲ್ಲೂ ಬಿ.ಪಿ. ನೋಡುತ್ತಾರೆ. ಕಾಲಿನ ಅಂಕಿಯನ್ನು ತೋಳಿನದರಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಮ್ಮಿ ಬಂದರೆ ಕಾಲಿನ ನಾಳ ಕಟ್ಟಿಕೊಂಡಿರುವ ಸೂಚನೆ. 1.4ಕ್ಕಿಂತ ಜಾಸ್ತಿ ಬಂದರೂ ಖುಷಿಪಡಬೇಡಿ. ಶುಗರ್ ಇದ್ದವರಲ್ಲಿ ನಾಳಕ್ಕೆ ಸುಣ್ಣ ಕಟ್ಟಿ ಗಟ್ಟಿಯಾಗಿದ್ದರೆ ಹಾಗೆ ಬರುತ್ತದೆ. ಆಗ ಕಾಲ್ಬೆರಳಿನ ಒತ್ತಡ ನೋಡಬೇಕಾಗುತ್ತದೆ. ಹೃದಯದ ತಪಾಸಣೆಯನ್ನೂ ಆಗಲೇ ಮಾಡಿಸಿಕೊಳ್ಳಿ. ಬೀಡಿ, ಸಿಗರೇಟು ಇದ್ದರೆ ಇವತ್ತೇ ಬಿಡಿ.

ಡಾಕ್ಟರು ನಡೆಯಿರಿ ಅಂದ ಮೇಲೆ ಮೊದಲ ದಿನ ಸುಮ್ನೆ ಲೆಕ್ಕ ಇಡಿ: ಎಷ್ಟು ನಿಮಿಷಕ್ಕೆ ನೋವು ಶುರುವಾಯಿತು? ಸಮತಟ್ಟಾದ, ನಡುನಡುವೆ ಕೂರಲು ಕಟ್ಟೆ ಇರುವ ದಾರಿ ಆರಿಸಿಕೊಳ್ಳಿ. ಬರಿಗಾಲು ಬೇಡವೇ ಬೇಡ, ದೇವಸ್ಥಾನದ ಪ್ರದಕ್ಷಿಣೆಯನ್ನು ವಾಕಿಂಗ್ ಅಂದುಕೊಳ್ಳಬೇಡಿ. ಮೆತ್ತನೆ ರಬ್ಬರಿನ ಎಂ.ಸಿ.ಆರ್. ಚಪ್ಪಲಿ ಅಥವಾ ಬೆರಳಿಗೆ ಜಾಗ ಇರುವ ಬೂಟು ಸಾಕು. ಹಾಕುವ ಮುಂಚೆ ಒಳಗೆ ಕೈಯಾಡಿಸಿ, ಶುಗರ್‌ನಿಂದ ಜೋಮು ಹಿಡಿದ ಪಾದಕ್ಕೆ ಕಲ್ಲು ಚುಚ್ಚಿದರೂ ಗೊತ್ತಾಗದು. ಇನ್ಸುಲಿನ್ ತಗೊಳ್ಳುವವರು, ಶುಗರ್ ತೀರಾ ಇಳಿಸಬಲ್ಲ ಮಾತ್ರೆ ನುಂಗುವವರು ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ.

ಇನ್ನು ನಡಿಗೆ. ಮೂರರಿಂದ ಐದು ನಿಮಿಷದಲ್ಲಿ ಮೀನಖಂಡ ಹಿಡಿದುಕೊಳ್ಳುವಷ್ಟು ವೇಗ ಇರಲಿ. ನೋವು ಬಂದ ತಕ್ಷಣ ನಿಲ್ಲಬೇಡಿ, ಇನ್ನೂ ಸ್ವಲ್ಪ ಹೋಗಿ. ಹಲ್ಲು ಕಚ್ಚಿ ನಡೆಯುವಷ್ಟೂ ಬೇಡ. ‘ಇನ್ನು ಸಾಕಪ್ಪಾ’ ಅನ್ನಿಸಿದಾಗ ನಿಂತುಬಿಡಿ. ನೋವು ಪೂರ್ತಿ ಇಳಿಯಲಿ, ಆಮೇಲೆ ಮತ್ತೆ ಹೊರಡಿ. ಹೀಗೆ ನಿಂತು ನಡೆದು 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ 3 ದಿನ, ಕಮ್ಮಿ ಅಂದರೂ 12 ವಾರ. ನೋವಿಲ್ಲದೆ ಎಂಟು ಹತ್ತು ನಿಮಿಷ ನಡೆಯಲು ಬಂದರೆ ವೇಗ ಸ್ವಲ್ಪ ಜಾಸ್ತಿ ಮಾಡಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಕಟ್ಟಿದ ನಾಳ ಇದರಿಂದ ತೆರೆದುಕೊಳ್ಳುತ್ತದಾ? ಇಲ್ಲ. ಆದರೆ ಸಿಕ್ಕ ಆಮ್ಲಜನಕದಲ್ಲೇ ಹೆಚ್ಚು ದುಡಿಯುವುದನ್ನು ಸ್ನಾಯು ಕಲಿಯುತ್ತದೆ. ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಅದೂ ಲಾಭವೇ ಅಲ್ವಾ?

ರಾತ್ರಿ ಮಲಗಿದಾಗಲೂ ಪಾದ ನೋಯುತ್ತಾ, ಕಾಲು ಮಂಚದಿಂದ ಇಳಿಬಿಟ್ಟರೆ ಹಾಯೆನಿಸುತ್ತದಾ? ಗಾಯ ಮಾಯುತ್ತಿಲ್ಲವಾ, ಬೆರಳು ಕಪ್ಪಾಗಿದೆಯಾ? ಹಾಗಿದ್ದರೆ ವಾಕಿಂಗ್ ಮಾತು ಬಿಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಮನೆಗೆ ಬಂದ ಮೇಲೆ ಕೊನೆಯ ಕೆಲಸ ಪಾದ ನೋಡುವುದು. ಬೆರಳ ಸಂದಿ, ಹಿಮ್ಮಡಿ, ಅಂಗಾಲು. ದೊಡ್ಡಪ್ಪನಿಗೆ ಅಂಗಾಲು ಕಾಣುತ್ತಿರಲಿಲ್ಲ. ದೊಡ್ಡಮ್ಮ ಶೇವಿಂಗ್ ಕನ್ನಡಿ ಹಿಡಿದು ನೋಡುತ್ತಿದ್ದರು. ಒಂದು ದಿನ ಹೆಬ್ಬೆರಳ ಬುಡದಲ್ಲಿ ಅಕ್ಕಿಕಾಳಿನಷ್ಟು ಜಲ್ಲಿ ಚುಚ್ಚಿಕೊಂಡು ರಕ್ತ ಜಿನುಗಿತ್ತು. ದೊಡ್ಡಪ್ಪನಿಗೆ ಅದು ಗೊತ್ತೇ ಆಗಿರಲಿಲ್ಲ.