ಕುಂಡ ಕೊಳ್ಳುವ ಮುಂಚೆ ನಳದ ದಿನ ಎಣಿಸಿ

ಹೋದ ವರ್ಷ ಏಪ್ರಿಲ್‌ನಲ್ಲಿ ಮದುವೆಗೆ ಅಂತ ನಾಲ್ಕು ದಿನ ಗದಗಕ್ಕೆ ಹೋಗಿದ್ದೆ. ವಾಪಸ್ ಬಂದು ಮಾಳಿಗೆ ಹತ್ತಿದರೆ, ಮಣ್ಣಿನ ಕುಂಡದಲ್ಲಿದ್ದ ಏಳು ಗಿಡ ಒಣಗಿ ಕಡ್ಡಿಯಾಗಿದ್ದವು. ಪಕ್ಕದಲ್ಲೇ ಬಿಳಿ ಪ್ಲಾಸ್ಟಿಕ್ ಬಕೆಟ್‌ನಲ್ಲಿದ್ದ ಮೆಣಸಿನ ಗಿಡ ಸ್ವಲ್ಪ ಬಾಡಿತ್ತು, ಅಷ್ಟೆ. ಹಿಡಿ ಮುರಿದಿದೆ ಅಂತ ಬಿಸಾಕಬೇಕೆಂದಿದ್ದ ಬಕೆಟ್ ಅದು!

ನಾನು ಹಳೇ ಹುಬ್ಬಳ್ಳಿಯಲ್ಲಿ ಬ್ಲೌಸ್ ಹೊಲಿಯುವವಳು. ನಮ್ಮ ಓಣಿಗೆ ನಳ ಬರುವುದು ಐದಾರು ದಿನಕ್ಕೊಮ್ಮೆ. ಬ್ಯಾರಲ್‌ನಲ್ಲಿ ತುಂಬಿಟ್ಟ ನೀರಲ್ಲೇ ಅಡುಗೆ, ಬಟ್ಟೆ, ಗಿಡ ಎಲ್ಲಾ ಸಾಗಬೇಕು. ಹಾಗಾಗಿ ಯಾರಾದರೂ "ಯಾವ ಕುಂಡ ತರಲಿ ಅಕ್ಕಾ?" ಅಂದರೆ ನಾನು ಮೊದಲು ಗಿಡದ ಹೆಸರು ಕೇಳುವುದಿಲ್ಲ. ನೀರು ಹಾಕುವವರು ಯಾರು, ಎಷ್ಟು ದಿನಕ್ಕೊಮ್ಮೆ ಅಂತ ಕೇಳುತ್ತೇನೆ.

ಮಡಿಕೆಯ ನೀರು ಯಾಕೆ ತಣ್ಣಗಿರುತ್ತೆ ಹೇಳಿ? ನೀರು ಗೋಡೆಯಲ್ಲಿ ಜಿನುಗಿ ಆವಿಯಾಗುತ್ತೆ, ಅಲ್ವಾ? ಮಣ್ಣಿನ ಕುಂಡದಲ್ಲೂ ಅದೇ ಆಗುತ್ತೆ. ಬೇರು ತಂಪಾಗಿರುತ್ತೆ, ಮಣ್ಣು ಬೇಗ ಒಣಗುತ್ತೆ. ಮಳೆಗಾಲದಲ್ಲಿ ಇದು ವರ. ಏಪ್ರಿಲ್ ಬಿಸಿಲಿಗೆ ದಿನಕ್ಕೆರಡು ಸಲ ನೀರು ಬೇಡುತ್ತೆ. ಮನೆಯಲ್ಲಿ ಕೈತುಂಬ ನೀರು ಹಾಕುವವರಿದ್ದರೆ ಇದೇ ತನ್ನಿ. ನಮ್ಮತ್ತೆ ಕಂಡಾಗಲೆಲ್ಲ ತುಳಸಿಗೆ ಒಂದು ತಂಬಿಗೆ ಸುರಿಯುತ್ತಾರೆ. ಪ್ಲಾಸ್ಟಿಕ್‌ನಲ್ಲಿದ್ದ ಎರಡು ತುಳಸಿ ಕೊಳೆತವು. ಮಣ್ಣಿನ ಕುಂಡದ್ದು ಮೂರು ವರ್ಷದಿಂದ ಇದೆ.

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ತರಲು ಹೋದಾಗಲೇ ನಾನು ಕುಂಡಗಳನ್ನೂ ನೋಡಿ ಬರುತ್ತೇನೆ. ಬೆರಳ ಗಂಟಿನಿಂದ ತಟ್ಟಿ. ಠಣ್ ಅಂದರೆ ಚೆನ್ನಾಗಿ ಬೆಂದಿದೆ. ಡಬ್ ಅಂದರೆ ಎಲ್ಲೋ ಬಿರುಕಿದೆ, ಇಲ್ಲವೇ ಬೆಂದಿಲ್ಲ. ಮನೆಗೆ ತಂದು ಒಂದು ರಾತ್ರಿ ನೀರಲ್ಲಿ ಮುಳುಗಿಸಿಡಿ, ಗುಳ್ಳೆ ಏಳುವುದು ನಿಲ್ಲಲಿ. ಇಲ್ಲದಿದ್ದರೆ ಗಿಡಕ್ಕೆ ಹಾಕಿದ ಮೊದಲ ನೀರನ್ನು ಕುಂಡವೇ ಕುಡಿದುಬಿಡುತ್ತೆ.

ಎರಡು ದಿನಕ್ಕೊಮ್ಮೆ ನೀರು ಅನ್ನುವವರಿಗೆ ಪ್ಲಾಸ್ಟಿಕ್ ಒಳ್ಳೆಯದು. ಆದರೆ ಬಯಲು ಮಾಳಿಗೆಗೆ ಕಪ್ಪು ಬಣ್ಣದ್ದು ಬೇಡ, ಬಿಸಿಲು ಹೀರಿ ಬೇರು ಬೇಯಿಸುತ್ತೆ. ಬಿಳಿಯದು ತನ್ನಿ. ಅಡಿ ತಿರುಗಿಸಿ ನೋಡಿ. ಎಷ್ಟೋ ಕುಂಡಗಳಲ್ಲಿ ತೂತಿನ ಗುರುತಷ್ಟೇ ಇರುತ್ತೆ, ತೂತು ಇರುವುದಿಲ್ಲ. ಕಬ್ಬಿಣದ ಸರಳು ಕಾಯಿಸಿ, ಪೆನ್ಸಿಲ್ ದಪ್ಪದ ನಾಲ್ಕೈದು ತೂತು ಮಾಡಿ. ಮನೆಯೊಳಗೆ ಮಾತ್ರ ಬೇಡ, ಹೊಗೆ ಗಂಟಲು ಹಿಡಿಯುತ್ತೆ. ಸಿಮೆಂಟ್ ಕುಂಡ ತಂದರೆ ಒಂದು ವಾರ ನೀರು ತುಂಬಿಸಿ ಚೆಲ್ಲುತ್ತಾ ಇರಿ, ಸುಣ್ಣದ ಅಂಶ ಹೋಗಬೇಕು. ಪಿಂಗಾಣಿ ನನಗೆ ಬೇಡ, ಜಾಸ್ತಿ ದುಡ್ಡು.

ಅಳತೆ ಮಾತ್ರ ನನ್ನ ಕಸುಬು, ಅಲ್ಲಿ ಬಿಡುವುದಿಲ್ಲ. ಟೇಪು ಕೊರಳಲ್ಲೇ ಇರುತ್ತೆ. ಬಾಯಿಯ ಒಳಗಿನ ಅಗಲ ಅಳೆಯಿರಿ, ದಪ್ಪ ಅಂಚು ಸೇರಿಸಬೇಡಿ. ಮೆಂತ್ಯ, ಕೊತ್ತಂಬರಿಗೆ 6 ಇಂಚು ಆಳದ ಅಗಲ ಟಬ್ ಸಾಕು. ಮೆಣಸು, ಬದನೆ, ಟೊಮೆಟೊಗೆ 12 ಇಂಚು. ಕರಿಬೇವು, ನಿಂಬೆಗೆ ಕೊನೆಗೆ 16ರಿಂದ 18 ಬೇಕು. ಆದರೆ ಮೊದಲೇ ಅಲ್ಲ. ಬೆಳೆಯುವ ಹುಡುಗಿಗೆ ಎರಡು ಇಂಚು ಒಳಗೆ ಮಡಚಿ ಹೊಲಿಯುತ್ತೇವೆ ಹೊರತು ಅವಳಮ್ಮನ ಅಳತೆಗೆ ಹೊಲಿಯುವುದಿಲ್ಲ. ಗೇಣುದ್ದದ ಕರಿಬೇವನ್ನು ನಾನು ನೇರ 18 ಇಂಚಿನ ಡ್ರಮ್ಮಿಗೆ ಹಾಕಿದ್ದೆ. ಪುಟ್ಟ ಬೇರು ಎಷ್ಟು ನೀರು ಕುಡಿದೀತು? ಉಳಿದ ಮಣ್ಣು ಹಸಿಯಾಗೇ ಉಳಿದು, ಶ್ರಾವಣಕ್ಕೆ ಎಲೆ ಹಳದಿಯಾಗಿ ಉದುರಿತು. ಈಗ ಪ್ರತಿ ಸಲ ಹಿಂದಿನದಕ್ಕಿಂತ ಎರಡೇ ಇಂಚು ದೊಡ್ಡದು.

ಹೊಟ್ಟೆ ದೊಡ್ಡದು, ಬಾಯಿ ಸಣ್ಣದು ಇರುವ ಕುಂಡ ನೋಡಲು ಚೆಂದ. ಅದರಲ್ಲಿದ್ದ ದುಂಡುಮಲ್ಲಿಗೆ ತೆಗೆಯಲು ನಾನು ಸುತ್ತಿಗೆ ತರಬೇಕಾಯಿತು.

ಅಡಿಯಲ್ಲಿ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಇಳಿಯುವುದಿಲ್ಲ. ನೀರು ಜಲ್ಲಿಯ ಮೇಲಿನ ಮಣ್ಣಲ್ಲೇ ನಿಲ್ಲುತ್ತೆ, ಬೇರಿಗೆ ಜಾಗವೂ ಕಡಿಮೆಯಾಗುತ್ತೆ. ಮಣ್ಣು ಹೋಗದಂತೆ ತೂತಿನ ಮೇಲೆ ಒಂದು ಹೆಂಚಿನ ಚೂರು ಬೋರಲಿಟ್ಟರೆ ಮುಗಿಯಿತು. ಹಾಗೆಯೇ ನಮ್ಮ ಸುತ್ತಲಿನ ಕಪ್ಪು ಎರೆಮಣ್ಣನ್ನು ಸುಮ್ನೆ ಹಾಗೇ ತುಂಬಬೇಡಿ. ಒಣಗಿದಾಗ ಕುಗ್ಗಿ ಕುಂಡದ ಗೋಡೆ ಬಿಡುತ್ತೆ, ಹಾಕಿದ ನೀರೆಲ್ಲ ಆ ಸಂದಿಯಿಂದ ಜಾರಿಹೋಗುತ್ತೆ. ಆಗ ಎಂಥ ಒಳ್ಳೆ ಕುಂಡವಿದ್ದರೂ ಅಷ್ಟೆ. ಮಸಾರಿ ಅಂದರೆ ಕೆಂಪು ಮಣ್ಣು, ಹಳೇ ಸಗಣಿ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿ.

ಇನ್ನು ಇಡುವ ಜಾಗ. 16 ಇಂಚಿನ ಕುಂಡಕ್ಕೆ ಹಸಿ ಮಣ್ಣು ತುಂಬಿದರೆ 45-50 ಕೆ.ಜಿ. ಆಗುತ್ತೆ. ಅಂಥವನ್ನು ಮಾಳಿಗೆಯ ನಡುವೆ ಗುಂಪು ಹಾಕದೆ, ಕೆಳಗೆ ಗೋಡೆ ಇರುವ ಸಾಲಿನಲ್ಲಿ ಇಡಿ. ಅಡಿಗೆ ಇಟ್ಟಿಗೆ ತುಂಡು ಕೊಡಿ, ನೀರು ಹರಿದುಹೋಗಲಿ. ಹಗುರ ಪ್ಲಾಸ್ಟಿಕ್ ಕುಂಡವನ್ನು ಪ್ಯಾರಾಪೆಟ್ ಮೇಲೆ ಇಡಲೇಬೇಡಿ. ಆಷಾಢದ ಗಾಳಿಗೆ ನನ್ನದೊಂದು ಕೆಳಗೆ ನಿಂತಿದ್ದ ಪಕ್ಕದ ಮನೆ ಹುಡುಗನ ಬೈಕ್ ಮೇಲೆ ಬಿತ್ತು. ಸೀಟಿನ ಕವರ್ ನಾನೇ ಹೊಲಿದುಕೊಟ್ಟೆ. ರೆಗ್ಸಿನ್‌ಗೆ ಎರಡು ಸೂಜಿ ಮುರಿದವು.