ಕ್ರಾಕೋವ್‌ನಲ್ಲಿ ಹುಲ್ಲಪ್ಪನನ್ನು ಓದಿದ್ದು

ಕೆಲಸಕ್ಕೆ ಅಂತ ಪೋಲೆಂಡಿನ ಕ್ರಾಕೋವ್‌ಗೆ ಬಂದು ಆರು ವರ್ಷವಾಯಿತು. ಇಲ್ಲಿ ನಾಟಕದ ಮಾತೆತ್ತಿದರೆ ಸಾಕು, ‘ವೆಸೆಲೆ’ ಬಂದೇ ಬರುತ್ತದೆ. ವೆಸೆಲೆ ಅಂದರೆ ಮದುವೆ. ಸ್ತನಿಸ್ವಾವ್ ವಿಸ್ಪಿಯಾನ್ಸ್ಕಿ ಬರೆದದ್ದು, 1901ರ ಮಾರ್ಚ್‌ನಲ್ಲಿ ಇದೇ ಊರಲ್ಲಿ ಮೊದಲ ಸಲ ರಂಗಕ್ಕೆ ಬಂತು. ಕಳೆದ ಚಳಿಗಾಲದಲ್ಲಿ ನಾವು ಒಂಬತ್ತು ಜನ ಅದರ ಕೆಲವು ದೃಶ್ಯಗಳನ್ನು ಕನ್ನಡದಲ್ಲಿ ಓದಿದೆವು. ಅನುವಾದ ನನ್ನದು. ಎಡಕ್ಕೆ ಪೋಲಿಷ್, ಬಲಕ್ಕೆ ಇಂಗ್ಲಿಷ್, ನಡುವೆ ಆರಿಹೋದ ಕಾಫಿ.

ಇದು ನಿಜವಾಗಿ ನಡೆದ ಮದುವೆ. ಲುಟ್ಸಿಯಾನ್ ರಿಡೆಲ್ ಎಂಬ ಕವಿ 1900ರ ನವೆಂಬರ್‌ನಲ್ಲಿ ಬ್ರೊನೊವಿತ್ಸೆ ಹಳ್ಳಿಯ ರೈತರ ಹುಡುಗಿಯನ್ನು ಮದುವೆಯಾದ. ವಿಸ್ಪಿಯಾನ್ಸ್ಕಿ ಅಲ್ಲಿಗೆ ಹೋಗಿದ್ದ. ರಾತ್ರಿಯೆಲ್ಲ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ ಅಂತ ಹೇಳುತ್ತಾರೆ. ಆಗ ನಕ್ಷೆಯಲ್ಲಿ ಪೋಲೆಂಡೇ ಇರಲಿಲ್ಲ. 1795ರ ಹೊತ್ತಿಗೆ ರಷ್ಯಾ, ಪ್ರಶ್ಯಾ, ಆಸ್ಟ್ರಿಯಾ ಮೂವರೂ ಅದನ್ನು ಪೂರ್ತಿ ಹಂಚಿಕೊಂಡಿದ್ದರು. ಪೇಟೆಯ ಓದಿದವರೂ ಹಳ್ಳಿಯ ರೈತರೂ ಒಂದಾದರೆ ದೇಶ ಮತ್ತೆ ಎದ್ದು ನಿಲ್ಲುತ್ತದೆ ಅನ್ನೋದು ಎಲ್ಲರ ಕನಸು. ಈ ನಾಟಕ ಆ ಕನಸನ್ನೇ ಮದುವೆಮನೆಗೆ ಕರೆದು, ಕುಡಿಸಿ, ಕುಣಿಸುತ್ತದೆ.

ನಾನು ಮೊದಲು ಎಡವಿದ್ದು ‘ಹೊಹೊವ್’ ಅನ್ನುವ ಪಾತ್ರದ ಹತ್ತಿರ. ತೋಟದಲ್ಲಿ ನಿಂತ ಹುಲ್ಲಿನ ಆಕೃತಿ ಅದು. ಮದುವೆಮನೆಯವರು ತಮಾಷೆಗೆ ಅದನ್ನೂ ಮದುವೆಗೆ ಕರೆಯುತ್ತಾರೆ, ಅದು ಬಂದೇಬಿಡುತ್ತದೆ. ಹಿಂದೆಯೇ ಸತ್ತವರೆಲ್ಲ ಬರುತ್ತಾರೆ. ನಾನು ಸುಮ್ನೆ ‘ಬೆರ್ಚಪ್ಪ’ ಅಂತ ಬರೆದು ಮುಂದೆ ಹೋಗಿದ್ದೆ. ನವೆಂಬರ್‌ನಲ್ಲಿ ಟ್ರಾಮ್ ಹಿಡಿದು ಬ್ರೊನೊವಿತ್ಸೆಗೆ ಹೋದೆ. ಮದುವೆ ನಡೆದ ಮನೆ ಈಗ ‘ರಿಡ್ಲುವ್ಕಾ’ ಎಂಬ ಮ್ಯೂಸಿಯಂ. ಪ್ರತಿ ವರ್ಷ ಆ ಮದುವೆಯ ದಿನದ ಆಸುಪಾಸಿನಲ್ಲಿ ಅಲ್ಲಿ ಗುಲಾಬಿ ಗಿಡಕ್ಕೆ ಹುಲ್ಲು ಸುತ್ತುತ್ತಾರೆ. ಕೊಂಬೆಗಳನ್ನು ಒಟ್ಟಿಗೆ ಬಾಗಿಸಿ, ಸುತ್ತ ಹುಲ್ಲು ನಿಲ್ಲಿಸಿ, ಹುರಿಯಿಂದ ಬಿಗಿದರು. ಮುಳ್ಳು ಚುಚ್ಚಿ ಒಬ್ಬರು ಬೆರಳು ಚೀಪಿಕೊಂಡರು. ನನ್ನ ಬೆರ್ಚಪ್ಪನ ಕಥೆ ಅಲ್ಲೇ ಮುಗಿಯಿತು. ಬೆರ್ಚಪ್ಪನ ಒಳಗೆ ಕೋಲು ಬಿಟ್ಟರೆ ಇನ್ನೇನಿರುತ್ತದೆ? ಇದರೊಳಗೆ ಜೀವ ಇರುವ ಗಿಡ ಚಳಿಗೆ ಮಲಗಿರುತ್ತದೆ. ಮನೆಗೆ ಬಂದು ಎಲ್ಲ ಕಡೆ ‘ಹುಲ್ಲಪ್ಪ’ ಅಂತ ತಿದ್ದಿದೆ.

ಇನ್ನೊಂದು ಕಷ್ಟ ಬೈಗುಳದ್ದು. ಪೋಲಿಷ್‌ನಲ್ಲಿ ‘ಹಾಮ್’ ಅಂದರೆ ಒರಟ, ಗಮಾರ. ಬೈಬಲ್ಲಿನ ನೋಹನ ಮಗನ ಹೆಸರದು. ರೈತರು ಆ ಶಾಪಗ್ರಸ್ತ ವಂಶದವರು ಅಂತ ಜಮೀನ್ದಾರರು ಹೇಳಿಕೊಂಡು ಬಂದಿದ್ದರು. ಅಷ್ಟೇ ಖಾರದ ಪದಗಳು ಕನ್ನಡದಲ್ಲಿ ಬೇಕಾದಷ್ಟಿವೆ, ಹೆಚ್ಚಿನವು ಜಾತಿಯ ಹೆಸರುಗಳು. ಬಳಸಿದ್ದರೆ ಅರ್ಥಕ್ಕೆ ಹತ್ತಿರವೇ ಆಗುತ್ತಿತ್ತು. ನನಗೆ ಕೈ ಬರಲಿಲ್ಲ. ‘ಗಮಾರ’ ಅಂತಲೇ ಬಿಟ್ಟೆ. ಪದ ಸ್ವಲ್ಪ ಸಪ್ಪೆ, ಒಪ್ಪಿಕೊಳ್ಳುತ್ತೇನೆ.

ರೈತರ ಮಾತನ್ನು ಮಂಡ್ಯ ಕಡೆಯ ಕನ್ನಡದಲ್ಲಿ ಬರೆದಿದ್ದೆ. ಮೊದಲ ರಿಹರ್ಸಲ್‌ನಲ್ಲೇ ಮಂಡ್ಯದ ಗೆಳೆಯ ಹಾಳೆ ಕೆಳಗಿಟ್ಟ. “ಹಳ್ಳಿಯವನು ಅಂದ್ರೆ ನಮ್ಮ ಭಾಷೇನೇ ಯಾಕೆ ಬೇಕು ನಿಮ್ಗೆ, ನಗ್ಸೋಕಾ?” ಅವನು ಕೇಳಿದ್ದು ಸರಿಯೇ. ಚೆಪಿಯೆತ್ಸ್ ಎಂಬ ರೈತ ಬಾಯಿ ತೆರೆಯುವುದೇ ಪತ್ರಕರ್ತನನ್ನು ರಾಜಕೀಯದ ಸುದ್ದಿ ಕೇಳುವುದಕ್ಕೆ. ಚೀನಾದವರು ಇನ್ನೂ ಗಟ್ಟಿ ನಿಂತಿದ್ದಾರಾ ಅಂತ ವಿಚಾರಿಸುತ್ತಾನೆ. ಅದು ಚೀನಾದಲ್ಲಿ ವಿದೇಶಿಯರ ವಿರುದ್ಧ ಬಾಕ್ಸರ್ ದಂಗೆ ಎದ್ದಿದ್ದ ಕಾಲ. ಪೇಪರ್ ಓದುವವನು ಅವನು, ಕೋಡಂಗಿಯಲ್ಲ. ಕೊನೆಗೆ ಎಲ್ಲರೂ ಅವರವರ ಮನೆಮಾತಿನಲ್ಲೇ ಓದುವುದು ಅಂತಾಯಿತು. ಪತ್ರಕರ್ತ ಮಂಡ್ಯದವನಾದ, ಚೆಪಿಯೆತ್ಸ್ ಧಾರವಾಡದವನಾದ.

ತುಂಬ ಕತ್ತರಿಸಿದೆವು. ಯಾಕುಬ್ ಶೆಲಾನನ್ನು ಮಾತ್ರ ಬಿಡಲಿಲ್ಲ. 1846ರಲ್ಲಿ ಇದೇ ಗಲಿಶಿಯಾ ಸೀಮೆಯ ರೈತರು ಸುಮಾರು ಸಾವಿರ ಜನ ಜಮೀನ್ದಾರರನ್ನೂ ಅವರ ಕಡೆಯವರನ್ನೂ ಕೊಂದಿದ್ದರು. ಅವರ ಮುಖಂಡ ಈ ಶೆಲಾ. ಅವನ ದೆವ್ವ ರಕ್ತದ ಕೈಯಲ್ಲಿ ಮದುವೆಗೆ ಬಂದು, ತೊಳೆದುಕೊಳ್ಳಲು ನೀರು ಕೇಳುತ್ತದೆ. ಪೇಟೆ-ಹಳ್ಳಿ ಒಂದಾಗುವ ಕನಸಿನ ನಡುವೆ ಅಜ್ಜಂದಿರ ಕಾಲದ ಆ ರಕ್ತ. ಇದನ್ನು ಬಿಟ್ಟು ಓದಿದರೆ ಮದುವೆ ವಿಡಿಯೋ ನೋಡಿದಂಗೆ ಅಷ್ಟೇ.

ಕೊನೆಯಲ್ಲಿ ಹುಲ್ಲಪ್ಪ ಪಿಟೀಲು ನುಡಿಸುತ್ತಾನೆ, ಎಲ್ಲರೂ ನಿದ್ದೆಯಲ್ಲೇ ಕುಣಿಯುತ್ತಾರೆ. ಕೂತು ಓದುವಾಗ ಕುಣಿತ ತೋರಿಸುವುದು ಹೇಗೆ? ಫೋನಿನಲ್ಲಿ ಪಿಟೀಲು ಹಾಕಿ ನೋಡಿದೆವು, ನಡುವೆ ಸೋಫಾ ಜಾಹೀರಾತು ಬಂತು. ಆಮೇಲೆ ಸಂಗೀತವೇ ಬೇಡ ಅಂದುಕೊಂಡೆವು. ಹಾಳೆ ಮಡಿಲಲ್ಲಿಟ್ಟು, ತಲೆ ತಗ್ಗಿಸಿ, ಮರದ ನೆಲಕ್ಕೆ ಬೂಟು ಉಜ್ಜುವುದು, ಅಷ್ಟೇ. ಸರ್, ಸರ್. ಒಂದು ನಿಮಿಷ ಮಾಡಿದರೆ ನಿಜಕ್ಕೂ ತೂಕಡಿಕೆ ಬರುತ್ತದೆ.

ದಂಗೆಗೆ ಜನರನ್ನು ಎಬ್ಬಿಸಲು ಯಾಶೆಕ್ ಎಂಬ ಹುಡುಗನ ಕೈಗೆ ಹುರಿ ಕಟ್ಟಿದ ಚಿನ್ನದ ಕೊಂಬು ಕೊಟ್ಟಿರುತ್ತಾರೆ. ದಾರಿಯಲ್ಲಿ ಬಿದ್ದ ನವಿಲುಗರಿಯ ಟೋಪಿ ಎತ್ತಿಕೊಳ್ಳಲು ಬಗ್ಗಿ ಅದನ್ನು ಕಳೆದುಕೊಳ್ಳುತ್ತಾನೆ. ನಮ್ಮ ಯಾಶೆಕ್ ಆಫೀಸಿನಿಂದ ನೇರ ಓಡಿ ಬಂದಿದ್ದ. ಕೊಂಬೂ ಹೋಯಿತು, ಟೋಪಿಯೂ ಹೋಯಿತು, ನಿನಗುಳಿದದ್ದು ಹುರಿ ಮಾತ್ರ ಅಂತ ಹುಲ್ಲಪ್ಪ ಓದುತ್ತಿದ್ದ ಹಾಗೆ ಇವನ ಕೈ ಕುತ್ತಿಗೆಗೆ ಹೋಯಿತು. ಅಲ್ಲಿ ಆಫೀಸಿನ ಐಡಿ ಕಾರ್ಡಿನ ದಾರ ನೇತಾಡುತ್ತಿತ್ತು. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ. ಮೊದಲು ನಕ್ಕದ್ದು ಹಿಂದೆ ಕೂತಿದ್ದ ಇಬ್ಬರು ಪೋಲಿಷ್ ಗೆಳೆಯರು. ಅವರಿಗೆ ಒಂದಕ್ಷರ ಕನ್ನಡ ಬರುವುದಿಲ್ಲ.